ಮೇಜಿನ ಮೇಲೊಂದು ಹಡಗುಕಟ್ಟೆ

ಕಡಲಿನಲ್ಲಿ ಮುಳುಗಿದ ಹಡಗುಗಳ ಲೆಕ್ಕವನ್ನು ಚರಿತ್ರಕಾರರು ಇಟ್ಟಿದ್ದಾರೆ. ಮನೆಯ ಅಟ್ಟದಲ್ಲಿ ಮುಳುಗಿದ ಹಡಗುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಇಟ್ಟಿದ್ದರೆ ಎರಡನೆಯದೇ ದೊಡ್ಡದಾಗುತ್ತಿತ್ತೋ ಏನೋ! ಹಾಯಿ ಬಿಚ್ಚಿ ಅಲೆಗಳನ್ನು ಸೀಳುವ ನೌಕೆಯ ಚಿತ್ರವುಳ್ಳ ಪೆಟ್ಟಿಗೆಯೊಂದು ಉತ್ಸಾಹದಿಂದ ಮನೆಗೆ ಬರುತ್ತದೆ. ಎರಡು ಭಾನುವಾರ ಊಟದ ಮೇಜಿನ ತುಂಬ ಹಲಗೆಚೂರು, ಅಂಟು, ಮರದ ಹೊಟ್ಟು. ಮೂರನೆಯ ಭಾನುವಾರ ನೆಂಟರು ಬರುತ್ತಾರೆ, ಮೇಜು ತೆರವಾಗುತ್ತದೆ, ಹಡಗು ಅಟ್ಟವನ್ನೇರುತ್ತದೆ. ಅಲ್ಲಿಂದ ಅದು ಇಳಿದು ಬಂದುದನ್ನು ಕಂಡವರು ವಿರಳ.

ಇದಕ್ಕೆ ತಾಳ್ಮೆಯ ಕೊರತೆಯೇ ಕಾರಣವೆಂದು ತೀರ್ಪು ಕೊಡುವುದು ಎಲ್ಲ ಮನೆಗಳ ರೂಢಿ. ತೀರ್ಪು ಪೂರ್ತಿ ನ್ಯಾಯವಾದುದಲ್ಲ. ಬೇಡದ ಉಪಕರಣಗಳನ್ನು ಮೊದಲೇ ಕೊಂಡು, ಬೇಕಾದ ಸಾಮಗ್ರಿಯನ್ನು ಯೋಚಿಸದೆ ಆರಿಸಿ ಕೈಸೋತವರೇ ಹೆಚ್ಚು. ಹಡಗಿನ ಮಾದರಿಯನ್ನು ಕಟ್ಟುವ ವಿದ್ಯೆಯ ಗುಟ್ಟೆಲ್ಲ ಒಂದು ಮಾತಿನಲ್ಲಿ ಅಡಗಿದೆ: ಹಡಗನ್ನು ಕಿರಿದಾಗಿಸಬಹುದು, ಆದರೆ ಮರದ ಎಳೆಯನ್ನು, ನೂಲಿನ ನವಿರನ್ನು, ಬಣ್ಣದ ಹೊಳಪನ್ನು ಕಿರಿದಾಗಿಸಲಾಗದು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಒಂದು ನಿಜವಾದ ಹಡಗು

ಬರಿಯ ನಿಯಮಗಳನ್ನು ಹೇಳುವುದಕ್ಕಿಂತ ಒಂದು ಹಡಗನ್ನೇ ಮುಂದಿಟ್ಟುಕೊಳ್ಳೋಣ. ಮುಂಬಯಿಯ ಹಡಗುಕಟ್ಟೆಯಲ್ಲಿ ಜಮ್‌ಷೇಟ್‌ಜಿ ಬೊಮನ್‌ಜಿ ವಾಡಿಯಾ ಅವರ ನೇತೃತ್ವದಲ್ಲಿ ಕಟ್ಟಲ್ಪಟ್ಟು 1817ರಲ್ಲಿ ನೀರಿಗಿಳಿದ ‘ಟ್ರಿಂಕೋಮಲೀ’ ಎಂಬ ಬ್ರಿಟಿಷ್ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ತೇಲುತ್ತಿದೆ. ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದಿದ್ದ ಕಾಲದಲ್ಲಿ ಅದನ್ನು ಮಲಬಾರಿನ ತೇಗದಿಂದ ಕಟ್ಟಲಾಯಿತು. ಎರಡು ಶತಮಾನ ಕಳೆದರೂ ಅದು ಉಳಿದಿರುವುದರಲ್ಲಿ ಆ ತೇಗದ ಪಾಲು ದೊಡ್ಡದು. ಅದರ ತೋಪಿನ ಡೆಕ್ಕಿನ ಉದ್ದ ಸುಮಾರು 150 ಅಡಿ, ಅಗಲ ಸುಮಾರು 40 ಅಡಿ, ಮೂರು ಕೂವೆಕಂಬಗಳು.

ಈ ನೌಕೆಯ ಚರಿತ್ರೆಯಲ್ಲಿಯೇ ನಮಗೆ ಮೊದಲ ಪಾಠವಿದೆ. ಇದನ್ನು ಕಟ್ಟಲು ಬೇಕಾದ ನಕ್ಷೆಗಳನ್ನು ‘ಜಾವಾ’ ಎಂಬ ಹಡಗಿನಲ್ಲಿ ಮುಂಬಯಿಗೆ ಕಳುಹಿಸಲಾಗಿತ್ತು. 1812ರ ಡಿಸೆಂಬರಿನಲ್ಲಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ನೌಕೆಯೊಡನೆ ನಡೆದ ಕದನದಲ್ಲಿ ‘ಜಾವಾ’ ಸೋತಿತು, ನಕ್ಷೆಗಳೂ ಕಳೆದುಹೋದವು. ಪುನಃ ನಕ್ಷೆಗಳು ಬರಬೇಕಾಯಿತು. ‘ಟ್ರಿಂಕೋಮಲೀ’ಯ ತಳಗಂಬವನ್ನು ಇರಿಸಿದುದು 1816ರಲ್ಲಿ. ತೇಗವಿತ್ತು, ಬಡಗಿಗಳಿದ್ದರು, ಉಳಿಗಳಿದ್ದವು, ಕಾಗದವಿಲ್ಲದೆ ಹಡಗಿಲ್ಲ. ದೊಡ್ಡ ಹಡಗಿಗೆ ಸಂದ ಈ ಮಾತು ಮೇಜಿನ ಮೇಲಿನ ಹಡಗಿಗೂ ಸಲ್ಲುತ್ತದೆ.

ಮೊದಲು ಕಾಗದ, ಆಮೇಲೆ ಗರಗಸ

ಹಡಗಿನ ನಕ್ಷೆಯಲ್ಲಿ ಮೂರು ನೋಟಗಳಿರುತ್ತವೆ: ಪಕ್ಕದಿಂದ ಕಂಡಂತೆ ಒಂದು, ಮೇಲಿನಿಂದ ಕಂಡಂತೆ ಒಂದು, ಹಡಗನ್ನು ಸೌತೆಕಾಯಿಯಂತೆ ಅಡ್ಡಡ್ಡ ಹೆಚ್ಚಿದರೆ ಕಾಣುವ ಬಿಲ್ಲೆಗಳ ಆಕಾರ ಒಂದು. ಮೂರನೆಯದರಿಂದಲೇ ಪಕ್ಕೆಲುಬುಗಳನ್ನು ಕತ್ತರಿಸಬೇಕಾದುದು. ನಕ್ಷೆಯ ಮೂಲಪ್ರತಿಯ ಮೇಲೆ ಎಂದೂ ಚಾಕು ಆಡಿಸಬಾರದು. ನಾಲ್ಕಾರು ಪ್ರತಿಗಳನ್ನು ತೆಗೆಸಿಟ್ಟುಕೊಂಡು ಅವನ್ನು ಹಲಗೆಗೆ ಅಂಟಿಸಿ ಕತ್ತರಿಸಬೇಕು.

ಅನಂತರ ಪ್ರಮಾಣವನ್ನು ನಿಶ್ಚಯಿಸತಕ್ಕದ್ದು. ಅಡಿಗೆ ಕಾಲು ಅಂಗುಲವೆಂದು ಎಣಿಸಿದರೆ ಮಾದರಿ ನಿಜವಾದ ಹಡಗಿನ 48ರಲ್ಲಿ ಒಂದು ಪಾಲು. ಅಡಿಗೆ ಅರೆಕಾಲು ಅಂಗುಲವೆಂದರೆ 96ರಲ್ಲಿ ಒಂದು ಪಾಲು. ‘ಟ್ರಿಂಕೋಮಲೀ’ಯ 150 ಅಡಿ ಡೆಕ್ಕು ಮೊದಲ ಲೆಕ್ಕದಲ್ಲಿ 37 ಅಂಗುಲಕ್ಕೂ ಮಿಕ್ಕುತ್ತದೆ, ಎರಡನೆಯದರಲ್ಲಿ 19 ಅಂಗುಲಕ್ಕೆ ಸ್ವಲ್ಪ ಕಡಿಮೆ. ಮುಂದಕ್ಕೆ ಚಾಚಿದ ಕಂಬವೂ ಮೇಲಿನ ಕೂವೆಗಳೂ ಸೇರಿದರೆ ಜಾಗ ಮತ್ತಷ್ಟು ಬೇಕು. ಆದುದರಿಂದ ಪ್ರಮಾಣವನ್ನು ಗೊತ್ತುಮಾಡುವುದಕ್ಕೆ ಮುನ್ನ ಮನೆಯೊಡತಿಯನ್ನು ವಿಚಾರಿಸುವುದು ಕ್ಷೇಮ. ಹಡಗು ಮುಗಿದ ಮೇಲೆ ಅದು ನಿಲ್ಲಬೇಕಾದ ಕಪಾಟಿನ ಅಳತೆ ಆಕೆಗೆ ಚೆನ್ನಾಗಿ ತಿಳಿದಿರುತ್ತದೆ.

ಪ್ರಮಾಣದ ಜ್ಞಾನ ಕೈಗೆ ಬರಲು ಒಂದು ಸುಲಭವಾದ ಉಪಾಯವುಂಟು. ರಟ್ಟಿನಲ್ಲಿ ಒಬ್ಬ ನಾವಿಕನನ್ನು ಕತ್ತರಿಸಿಟ್ಟುಕೊಳ್ಳಿರಿ. 96ರ ಪ್ರಮಾಣದಲ್ಲಿ ಐದೂವರೆ ಅಡಿಯ ಆಳು ಸುಮಾರು 17 ಮಿಲಿಮೀಟರು ಎತ್ತರವಿರುತ್ತಾನೆ. ಮಾಡಿದ ಪ್ರತಿಯೊಂದು ಭಾಗದ ಪಕ್ಕದಲ್ಲಿಯೂ ಅವನನ್ನು ನಿಲ್ಲಿಸಿ ಕೇಳಿರಿ: ಈ ಬಾಗಿಲಲ್ಲಿ ಇವನು ನುಸುಳಿಯಾನೆ? ಈ ಹಗ್ಗ ಇವನ ಮುಷ್ಟಿಯಲ್ಲಿ ಹಿಡಿದೀತೆ? ಈ ಕಟಕಟೆ ಇವನ ಸೊಂಟಕ್ಕೆ ಬರುತ್ತದೆಯೆ, ಇಲ್ಲವೆ ನೆತ್ತಿಯನ್ನು ಮುಟ್ಟುತ್ತದೆಯೆ? ಈ ರಟ್ಟಿನ ನಾವಿಕನಂಥ ನಿಷ್ಠುರ ವಿಮರ್ಶಕ ಮತ್ತೊಬ್ಬನಿಲ್ಲ.

ಹತ್ತು ಉಪಕರಣಗಳು

ಆರಂಭಕ್ಕೆ ಹತ್ತು ಉಪಕರಣಗಳು ಸಾಕು. ಉಕ್ಕಿನ ಅಳತೆಪಟ್ಟಿ, ಮೂಲೆಮಟ್ಟ, ಅಲಗು ಬದಲಿಸಬಹುದಾದ ಸಣ್ಣ ಚಾಕು, ನಯವಾದ ಹಲ್ಲಿನ ತೆಳು ಗರಗಸ, ಚಿಕ್ಕ ಅರಗಳ ಒಂದು ಜೊತೆ, ಬೆರಳುಗಳಿಂದ ತಿರುಗಿಸುವ ಕೈಬೈರಿಗೆ ಮತ್ತು ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರಿನವರೆಗಿನ ಮೊನೆಗಳು, ಒಂದು ನೇರವಾದ, ಒಂದು ಬಾಗಿದ ಚಿಮಟ, ಚಿಕ್ಕ ಇಕ್ಕಳ, ಚಪ್ಪಟೆಯಾದ ಮರದ ತುಂಡಿಗೆ ಸುತ್ತಿದ ಮರಳುಕಾಗದ, ಹಿಡಿತಕ್ಕೆ ಒಂದು ಡಜನ್ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಇಷ್ಟರಿಂದ ಇಡೀ ಹಡಗಿನ ಒಡಲನ್ನು ಕಟ್ಟಬಹುದು. ವಿದ್ಯುತ್ತಿನಿಂದ ತಿರುಗುವ ಸಾಧನಗಳು ಕೆಲಸವನ್ನು ಬೇಗ ಮಾಡುವುವು ನಿಜ. ಬೇಗ ಕೆಡಿಸುವುದೂ ಅವುಗಳಿಗೆ ಸಾಧ್ಯ. ಮೊದಲ ಹಡಗು ಮುಗಿಯುವವರೆಗೆ ಅವುಗಳ ಕಡೆ ನೋಡಬೇಕಾದುದಿಲ್ಲ.

ಇವುಗಳಲ್ಲಿ ಅರ್ಧ ಭಾಗ ಮನೆಯಲ್ಲಿಯೇ ಇರುತ್ತದೆ. ಹೊಲಿಗೆಯ ಪೆಟ್ಟಿಗೆಯಲ್ಲಿ ಸೂಜಿಗಳೂ ಕತ್ತರಿಯೂ ಕ್ರೋಷಾ ಕಡ್ಡಿಯೂ ಇವೆ; ಹಗ್ಗ ಕಟ್ಟುವಾಗ ಕ್ರೋಷಾ ಕಡ್ಡಿಯ ಕೊಕ್ಕೆಯಷ್ಟು ಉಪಯುಕ್ತವಾದ ವಸ್ತು ಮತ್ತೊಂದಿಲ್ಲ. ಮಿಕ್ಕವುಗಳಿಗೆ, ಚಿನಿವಾರರಿಗೂ ಗಡಿಯಾರ ರಿಪೇರಿಯವರಿಗೂ ಉಪಕರಣ ಮಾರುವ ಅಂಗಡಿಗಳನ್ನು ಹುಡುಕಬೇಕು. ಸಣ್ಣ ಕೆಲಸಕ್ಕೆ ಸಣ್ಣ ಉಪಕರಣಗಳನ್ನು ರೂಪಿಸಿದವರು ಅವರೇ ಅಲ್ಲವೆ? ಹಣವನ್ನು ಉಳಿಸಬಾರದ ಜಾಗ ಎರಡೇ: ಚಾಕುವಿನ ಅಲಗು ಮತ್ತು ದೀಪ. ಮೊಂಡಾದ ಅಲಗು ಮರವನ್ನು ಕತ್ತರಿಸದೆ ಜಜ್ಜುತ್ತದೆ. ಬಲವಾಗಿ ಒತ್ತಿದಾಗ ಜಾರಿ ಬೆರಳಿಗೆ ಬರುತ್ತದೆ. ಹರಿತವಾದುದಕ್ಕಿಂತ ಮೊಂಡಾದುದೇ ಅಪಾಯಕರ. ಚಾಕು ಯಾವಾಗಲೂ ಮೈಯಿಂದ ಆಚೆಗೆ ಚಲಿಸಬೇಕು. ಮಕ್ಕಳು ಈ ಕೆಲಸಕ್ಕೆ ಕುಳಿತಾಗ ಹಿರಿಯರೊಬ್ಬರು ಪಕ್ಕದಲ್ಲಿರಬೇಕು.

ತೇಗದ ಹಡಗಿಗೆ ತೇಗವೇಕೆ ಬೇಡ?

ನಿಜವಾದ ‘ಟ್ರಿಂಕೋಮಲೀ’ ತೇಗದ್ದು. ಆದುದರಿಂದ ಮಾದರಿಯೂ ತೇಗದ್ದಾದರೆ ಸೊಗಸೆಂದು ಯಾರಿಗಾದರೂ ತೋರುವುದು ಸಹಜ. ಆದರೆ ತೇಗದ ಮೈಯಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ರಂಧ್ರಗಳ ಸಾಲುಗಳಿವೆ. ಹಡಗನ್ನು 96 ಪಾಲು ಕಿರಿದಾಗಿಸಿದರೂ ಆ ರಂಧ್ರಗಳು ಇದ್ದಷ್ಟೇ ಇರುತ್ತವೆ; ಕಾಲು ಮಿಲಿಮೀಟರಿನ ಒಂದು ಗೆರೆ ಆ ಪ್ರಮಾಣದಲ್ಲಿ ಒಂದು ಅಂಗುಲ ಅಗಲದ ಬಿರುಕಿನಂತೆ ಕಾಣುತ್ತದೆ. ತೇಗದ ಹಡಗಿನ ಮಾದರಿ ತೇಗದಂತೆ ಕಾಣಬೇಕಾದರೆ ಅದು ತೇಗದ್ದಾಗಿರಬಾರದು! ಹೆಸರಿಗೆ ನಿಷ್ಠೆ ತೋರುವುದಕ್ಕಿಂತ ಕಣ್ಣಿಗೆ ನಿಷ್ಠೆ ತೋರುವುದೇ ಇಲ್ಲಿ ಸತ್ಯ.

ಬೇಕಾದುದು ಎಳೆ ಕಾಣದ, ಒತ್ತಾದ, ಸಮನಾದ ಮರ. ಯೂರೋಪಿನವರು ಬಾಕ್ಸ್ ಮರ, ಪೇರು ಜಾತಿಯ ಮರ, ಲೈಮ್ ಮರಗಳನ್ನು ಬಳಸುತ್ತಾರೆ. ಅಮೆರಿಕದವರಿಗೆ ಬಾಸ್ ಮರ ಅಚ್ಚುಮೆಚ್ಚು. ನಮ್ಮಲ್ಲಿ ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆ ಮರ ನೆನಪಾಗುತ್ತದೆ. ಬಿಳುಪಾದ, ನುಣುಪಾದ, ಎಳೆ ಅಡಗಿದ ಈ ಮರದಿಂದ ರಾಟೆ, ತೋಪು, ಪೀಪಾಯಿ, ಕಟಕಟೆಯ ಕಂಬಗಳಂಥ ಚಿಕ್ಕ ಭಾಗಗಳನ್ನು ಸೊಗಸಾಗಿ ತಿದ್ದಬಹುದು. ಬೀಟೆ ಮರದ ಕಪ್ಪನ್ನು ಪಟ್ಟಿಗಳಿಗೆ ಬಳಸಬಹುದಾದರೂ ಅದರ ಪುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಒಗ್ಗುವುದಿಲ್ಲ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಲೇಸು. ಹಡಗಿನೊಳಗಿನ ಬೆನ್ನೆಲುಬು, ಪಕ್ಕೆಲುಬುಗಳಿಗೆ ಸೊಟ್ಟಗಾಗದ ಒಳ್ಳೆಯ ಪ್ಲೈವುಡ್ಡೇ ಸಾಕು. ಅದು ಹೊರಗೆ ಕಾಣುವುದಿಲ್ಲ.

ಹೊದಿಕೆಯ ಹಲಗೆಗಳಿಗೂ ಪ್ರಮಾಣದ ಲೆಕ್ಕವೇ ಲೆಕ್ಕ. ಒಂದು ಅಡಿ ಅಗಲದ ಹಲಗೆ 96ರಲ್ಲಿ ಅರೆಕಾಲು ಅಂಗುಲವಾಗುತ್ತದೆ; ನಾಲ್ಕು ಅಂಗುಲದ ದಪ್ಪ ಒಂದು ಮಿಲಿಮೀಟರು. ಇಂಥ ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ, ಕುದಿಯುವ ಕೆಟಲಿನ ಹಬೆಗೆ ಹಿಡಿದು ಮೆಲ್ಲನೆ ಬಾಗಿಸಿದರೆ ಮುರಿಯದೆ ಮಣಿಯುತ್ತವೆ. ಎಡಕ್ಕೊಂದು ಹಲಗೆ ಹೊದಿಸಿದ ಕೂಡಲೇ ಬಲಕ್ಕೊಂದು ಹೊದಿಸಬೇಕು. ಒಂದೇ ಪಕ್ಕವನ್ನು ಮುಗಿಸಿಬಿಡುವವರ ಹಡಗಿನ ಬೆನ್ನು ಸೆಟೆದು ಬಾಳೆಹಣ್ಣಿನಂತೆ ಬಾಗುತ್ತದೆ.

ಹಗ್ಗದ ಲೆಕ್ಕ

ಮರದ ಕೆಲಸದಲ್ಲಿ ಗೆದ್ದವರು ಹಗ್ಗದ ಕೆಲಸದಲ್ಲಿ ಎಡವುವುದುಂಟು. ಹಳೆಯ ಹಡಗುಗಳ ಹಗ್ಗವನ್ನು ದಪ್ಪದಿಂದ ಅಳೆಯುತ್ತಿರಲಿಲ್ಲ, ಸುತ್ತಳತೆಯಿಂದ ಅಳೆಯುತ್ತಿದ್ದರು. ಪುಸ್ತಕದಲ್ಲಿ 9 ಅಂಗುಲದ ಹಗ್ಗವೆಂದಿದ್ದರೆ ಅದರ ದಪ್ಪ ಮೂರು ಅಂಗುಲಕ್ಕೂ ಕಡಿಮೆ. ನಮ್ಮ ಪ್ರಮಾಣದಲ್ಲಿ ಮುಕ್ಕಾಲು ಮಿಲಿಮೀಟರು. ಇದನ್ನರಿಯದವರು ಮೂರು ಪಟ್ಟು ದಪ್ಪದ ನೂಲನ್ನು ಬಿಗಿದು, ಯುದ್ಧನೌಕೆಯನ್ನು ಬಾವಿಯ ಹಗ್ಗದಿಂದ ಕಟ್ಟಿಹಾಕಿದಂತೆ ಮಾಡಿಬಿಡುತ್ತಾರೆ.

ನೂಲು ನವಿರಿಲ್ಲದ್ದಾಗಿರಬೇಕು. ಹತ್ತಿಯ ನೂಲನ್ನು ಬೆಳಕಿಗೆ ಹಿಡಿದರೆ ಮೈತುಂಬ ನವಿರು ಕಾಣುತ್ತದೆ. ಚಿಕ್ಕ ಹಡಗಿನ ಮೇಲೆ ಅದು ಕಂಬಳಿಹುಳುವಿನಂತೆ ತೋರುತ್ತದೆ. ಅಗಸೆನಾರಿನ ನೂಲು ಹಿಂದಿನವರ ಆಯ್ಕೆ; ಇಂದು ಹೊಳಪಿಲ್ಲದ ಪಾಲಿಯೆಸ್ಟರ್ ನೂಲೂ ಒಳ್ಳೆಯದು. ನೂಲನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದು ಬೆರಳುಗಳ ನಡುವೆ ಸವರಿದರೆ ನವಿರು ಅಡಗುತ್ತದೆ. ಕೂವೆಕಂಬಗಳನ್ನು ಸದಾ ಬಿಗಿಹಿಡಿದು ನಿಲ್ಲುವ ಹಗ್ಗಗಳಿಗೆ ಡಾಂಬರು ಬಳಿಯುತ್ತಿದ್ದುದರಿಂದ ಅವುಗಳಿಗೆ ಕಪ್ಪುಗಂದು ಬಣ್ಣ. ಹಾಯಿಗಳನ್ನು ಏರಿಸಿ ಇಳಿಸುವ ಹಗ್ಗಗಳಿಗೆ ಹುಲ್ಲಿನ ತಿಳಿಗಂದು. ಈ ಎರಡು ಬಣ್ಣಗಳ ಭೇದವನ್ನು ಪಾಲಿಸಿದರೆ ನೋಡುವವರಿಗೆ ಹಡಗಿನ ಕೆಲಸವೇ ಅರ್ಥವಾಗುತ್ತದೆ.

ಲೋಹ, ಅಂಟು, ಬಣ್ಣ

ನೀರಿನಲ್ಲಿ ಮುಳುಗುವ ಹಡಗಿನ ತಳಕ್ಕೆ ಹುಳು ಕೊರೆಯದಂತೆ ತಾಮ್ರದ ತಗಡುಗಳನ್ನು ಹೊದಿಸುತ್ತಿದ್ದರು. ಬ್ರಿಟಿಷ್ ನೌಕೆಗಳಲ್ಲಿ ಒಂದೊಂದು ತಗಡಿನ ಅಳತೆ 4 ಅಡಿ ಉದ್ದ, 14 ಅಂಗುಲ ಅಗಲ. ನಮ್ಮ ಮಾದರಿಯಲ್ಲಿ ಅದು ಅರ್ಧ ಅಂಗುಲ ಉದ್ದದ, ನಾಲ್ಕು ಮಿಲಿಮೀಟರಿಗೂ ಕಿರಿದಾದ ಚೂರು. ತೆಳುವಾದ ತಾಮ್ರದ ಅಂಟುಪಟ್ಟಿಯಿಂದ, ಅಥವಾ ಬಣ್ಣ ಬಳಿದ ಕಾಗದದಿಂದಲೂ ಇದನ್ನು ಮಾಡಬಹುದು. ಮೊಳೆಯ ತಲೆಗಳನ್ನು ಒತ್ತಿ ಮೂಡಿಸುವ ಆಸೆ ಬೇಡ. ಈ ಪ್ರಮಾಣದಲ್ಲಿ ಅವು ಕಣ್ಣಿಗೆ ಕಾಣುವಂಥವಲ್ಲ.

ತೋಪು, ಲಂಗರುಗಳಿಗೆ ಹಿತ್ತಾಳೆಯನ್ನೋ ಮರವನ್ನೋ ಆರಿಸಿರಿ. ಸೀಸವನ್ನು ಮಾತ್ರ ದೂರವಿಡಿರಿ. ಸೀಸವನ್ನು ಎರಕ ಹೊಯ್ಯುವುದು ಸುಲಭವೆಂದು ಅದರಿಂದ ಮಾಡಿದ ಭಾಗಗಳು ಅನೇಕ ಹಳೆಯ ಮಾದರಿಗಳಲ್ಲಿವೆ. ಓಕ್ ಮೊದಲಾದ ಕೆಲವು ಮರಗಳಿಂದಲೂ ಕೆಲವು ಅಂಟುಗಳಿಂದಲೂ ಹುಳಿಯ ಆವಿ ಮೆಲ್ಲಮೆಲ್ಲನೆ ಹೊರಡುತ್ತದೆ. ಗಾಳಿಯಾಡದ ಗಾಜಿನ ಪೆಟ್ಟಿಗೆಯೊಳಗೆ ಆ ಆವಿ ಸೇರಿಕೊಂಡು ಸೀಸವನ್ನು ತಿನ್ನುತ್ತದೆ; ಲೋಹ ಉಬ್ಬಿ, ಬಿರಿದು, ಬಿಳಿಯ ಪುಡಿಯಾಗಿ ಉದುರುತ್ತದೆ. ಆ ಪುಡಿ ವಿಷ. ವರ್ಷಗಟ್ಟಲೆ ದುಡಿದು ಮಾಡಿದ ಹಡಗನ್ನು ಕಾಪಾಡಲೆಂದು ಮುಚ್ಚಿಟ್ಟ ಪೆಟ್ಟಿಗೆಯೇ ಅದನ್ನು ಕೆಡಿಸಿದಂತಾಗುತ್ತದೆ. ಗಾಜಿನ ಪೆಟ್ಟಿಗೆಯ ತಳದಲ್ಲಿ ಗಾಳಿಯಾಡಲು ಸಣ್ಣ ಕಂಡಿಗಳನ್ನು ಬಿಡುವುದು ಇದಕ್ಕಾಗಿಯೇ.

ಮರಕ್ಕೆ ಮರ ಹಿಡಿಯಲು ಬಡಗಿಗಳು ಬಳಸುವ ಬಿಳಿಯ ಅಂಟು ಸಾಕು. ಅದು ನಿಧಾನವಾಗಿ ಒಣಗುವುದರಿಂದ ತಪ್ಪನ್ನು ತಿದ್ದಲು ಅವಕಾಶವಿರುತ್ತದೆ. ಕ್ಷಣದಲ್ಲಿ ಹಿಡಿಯುವ ಅಂಟು ಹಡಗಿಗಿಂತ ಮೊದಲು ಬೆರಳುಗಳನ್ನು ಜೋಡಿಸುತ್ತದೆ! ಲೋಹಕ್ಕೆ ಎರಡು ಭಾಗಗಳನ್ನು ಬೆರೆಸುವ ಅಂಟು ಯೋಗ್ಯ. ಬಣ್ಣ ಯಾವುದಾದರೂ ಆಗಲಿ, ಹೊಳೆಯಕೂಡದು. ತೆಳುವಾಗಿ ಹಲವು ಸಲ ಬಳಿಯಬೇಕು.

ಮೂಳೆಯ ಹಡಗುಗಳು

ಉಪಕರಣಗಳಿಲ್ಲವೆಂದು ಕೊರಗುವವರು ಇಂಗ್ಲೆಂಡಿನ ಪೀಟರ್‌ಬರೋ ವಸ್ತುಸಂಗ್ರಹಾಲಯದಲ್ಲಿರುವ ಪುಟ್ಟ ಹಡಗುಗಳ ಸಂಗತಿಯನ್ನು ಕೇಳಬೇಕು. ಆ ಊರಿನ ಬಳಿ ನಾರ್ಮನ್ ಕ್ರಾಸ್ ಎಂಬಲ್ಲಿ 1797ರಿಂದ 1814ರವರೆಗೆ ಯುದ್ಧಕೈದಿಗಳ ಶಿಬಿರವೊಂದಿತ್ತು. ಅಲ್ಲಿದ್ದ ಫ್ರೆಂಚರು ಮೊದಲಾದ ಕೈದಿಗಳು ಅಡಿಗೆಮನೆಯಿಂದ ಬಂದ ಮಾಂಸದ ಮೂಳೆಗಳನ್ನು ತೊಳೆದು, ಸೀಳಿ, ಉಜ್ಜಿ ಹಲಗೆಗಳನ್ನಾಗಿ ಮಾಡಿ ಯುದ್ಧನೌಕೆಗಳನ್ನು ಕಟ್ಟಿದರು. ಹೊರಗಿನವರಿಗೆ ಮಾರಿ ನಾಲ್ಕು ಕಾಸು ಸಂಪಾದಿಸಿದರು. ಅವರ ಕೈಯಲ್ಲಿದ್ದ ಸಾಧನಗಳು ಅತ್ಯಲ್ಪ. ಇದ್ದುದು ಕಾಲ, ಬೇಕಾದಷ್ಟು ಕಾಲ.

ಆ ಹಡಗುಗಳ ಸೂಕ್ಷ್ಮತೆಗೆ ತಲೆಬಾಗಲೇಬೇಕು. ಆದರೆ ತಜ್ಞರು ಅಳೆದು ನೋಡಿದಾಗ ಅವುಗಳಲ್ಲಿ ಹಲವು ಪ್ರಮಾಣಬದ್ಧವಾಗಿಲ್ಲ. ಕೂವೆ ಎತ್ತರ, ಒಡಲು ಕಿರಿದು. ಕೈದಿಗಳ ಬಳಿ ನಕ್ಷೆಯಿರಲಿಲ್ಲ, ನೆನಪಿನಿಂದ ಕಟ್ಟಿದರು. ಉಪಕರಣದ ಕೊರತೆಯನ್ನು ತಾಳ್ಮೆ ತುಂಬಿಕೊಟ್ಟಿತು. ಅಳತೆಯ ಕೊರತೆಯನ್ನು ತುಂಬಿಕೊಡಲು ತಾಳ್ಮೆಗೂ ಆಗಲಿಲ್ಲ.

ಮೊದಲ ಹಡಗು ಯಾವುದು?

ಮೂರು ಕೂವೆಗಳ ‘ಟ್ರಿಂಕೋಮಲೀ’ಯನ್ನು ಮೊದಲಿಗೇ ಕೈಗೆತ್ತಿಕೊಳ್ಳುವುದು, ಸರಳೆ ವರಸೆ ಕಲಿಯುವ ಮೊದಲು ಕಚೇರಿಗೆ ಕುಳಿತಂತೆ. ಒಂದೇ ಕೂವೆಯ, ಎಂಟು ಹತ್ತು ಅಂಗುಲದ ದೋಣಿಯಿಂದ ಆರಂಭಿಸಿರಿ. ತೆಳುಹಲಗೆಗಳನ್ನು ದೋಸೆಗಳಂತೆ ಒಂದರ ಮೇಲೊಂದು ಪೇರಿಸಿ ಅಂಟಿಸಿ, ಹೊರಗಿನ ಮೆಟ್ಟಿಲುಗಳನ್ನು ಉಜ್ಜಿ ನುಣುಪು ಮಾಡಿದರೆ ಒಡಲು ಸಿದ್ಧ. ಹೊದಿಕೆಯ ಕಷ್ಟವಿಲ್ಲದೆ ಹಡಗಿನ ಆಕಾರ ಕೈಗೆ ಪರಿಚಯವಾಗುತ್ತದೆ.

ಅದಕ್ಕೆ ನಕ್ಷೆಯೆಲ್ಲಿ? ಮುಂದಿನ ರಜೆಯಲ್ಲಿ ಕಾರವಾರಕ್ಕೋ ಹೊನ್ನಾವರಕ್ಕೋ ಮಲ್ಪೆಗೋ ಹೋದಾಗ ಒಂದು ಟೇಪನ್ನೂ ಪುಸ್ತಕವನ್ನೂ ಜೊತೆಗೆ ಒಯ್ಯಿರಿ. ದಡದ ಮೇಲೆಳೆದಿಟ್ಟ ಮರದ ದೋಣಿಯೊಂದನ್ನು ಹುಡುಕಿ, ಅದರ ಯಜಮಾನರ ಅಪ್ಪಣೆ ಪಡೆದು, ಉದ್ದವನ್ನೂ ಅಡಿಗೊಂದರಂತೆ ಅಗಲ ಆಳಗಳನ್ನೂ ಬರೆದುಕೊಳ್ಳಿರಿ. ಒಬ್ಬರು ಟೇಪು ಹಿಡಿಯಲು, ಒಬ್ಬರು ಅಂಕಿ ಬರೆಯಲು, ಒಬ್ಬರು ಯಜಮಾನರನ್ನು ಪ್ರಶ್ನೆ ಕೇಳಲು—ಮನೆಮಂದಿಗೆಲ್ಲ ಕೆಲಸವಿದೆ. ನಾರುಗಾಜಿನ ದೋಣಿಗಳು ಬಂದ ಮೇಲೆ ಮರದವು ಕಡಮೆಯಾಗುತ್ತಿವೆ. ಅವನ್ನು ಕಟ್ಟಿದ ಆಚಾರಿಗಳು ನಕ್ಷೆಯನ್ನು ಕೈಯಲ್ಲಿ, ಕಣ್ಣಿನಲ್ಲಿ ಇಟ್ಟುಕೊಂಡವರೇ ಹೊರತು ಕಾಗದದ ಮೇಲಲ್ಲ. ಕೊನೆಯ ದೋಣಿ ಜೀರ್ಣವಾದ ದಿನ ಅದರ ಆಕಾರವೂ ಹೋಯಿತು.

ಇದು ಬರಿಯ ಭಾವುಕತೆಯ ಮಾತಲ್ಲ. 2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಯನ್ನು ಸೇರಿದ ‘ಕೌಂಡಿನ್ಯ’ ಎಂಬ ಹಾಯಿಹಡಗು ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಕಟ್ಟಿದ್ದು. ಪ್ರಾಚೀನ ಕಾಲದಲ್ಲಿ ನಮ್ಮವರು ಹೀಗೆಯೇ ಕಟ್ಟುತ್ತಿದ್ದರು. ಆದರೆ ಅವರ ನಕ್ಷೆಯೊಂದೂ ಉಳಿದುಬರಲಿಲ್ಲ. ಅಜಂತೆಯ ಗೋಡೆಯ ಮೇಲಿನ ಐದನೆಯ ಶತಮಾನದ ಒಂದು ವರ್ಣಚಿತ್ರವನ್ನು ಆಧಾರವಾಗಿಟ್ಟುಕೊಂಡು ಆಕಾರವನ್ನು ಊಹಿಸಬೇಕಾಯಿತು, ಮದರಾಸಿನ ಐ.ಐ.ಟಿ.ಯಲ್ಲಿ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿ ಅದರ ನಡತೆಯನ್ನು ತಿಳಿಯಬೇಕಾಯಿತು. ಅಂದಿನವರಲ್ಲಿ ಯಾರಾದರೂ ಅಳತೆಗೆ ಸರಿಯಾದ ಒಂದು ಪುಟ್ಟ ಮಾದರಿಯನ್ನು ಉಳಿಸಿದ್ದರೆ!

ಆದುದರಿಂದ ಹಡಗು ಮುಗಿದ ದಿನ ಇನ್ನೊಂದು ಕೆಲಸ ಬಾಕಿಯಿರುತ್ತದೆ. ಪೀಠವನ್ನು ಮಗುಚಿ, ಅದರ ಅಡಿಯಲ್ಲಿ ದೋಣಿಯ ಹೆಸರು, ಅದನ್ನು ಅಳೆದ ಊರು, ದಿನಾಂಕ, ಪ್ರಮಾಣ, ಬಳಸಿದ ಮರ ಇಷ್ಟನ್ನು ಅಳಿಸದ ಶಾಯಿಯಿಂದ ಬರೆಯಿರಿ. ಅಳೆದ ಅಂಕಿಗಳ ಹಾಳೆಯನ್ನೂ ಮಡಿಸಿ ಅಲ್ಲಿಯೇ ಅಂಟಿಸಿರಿ. ಐವತ್ತು ವರ್ಷಗಳ ಅನಂತರ ಆ ದೋಣಿ ಹೇಗಿತ್ತೆಂದು ಯಾರಾದರೂ ಕೇಳಿದರೆ, ನಿಮ್ಮ ಕಪಾಟಿನಲ್ಲಿ ಉತ್ತರವಿರುತ್ತದೆ. ಅಂಥ ಹಡಗನ್ನು ನೆಂಟರು ಬಂದರೂ ಯಾರೂ ಅಟ್ಟಕ್ಕೇರಿಸರು.